ಜಿಪ್ಪಕ್ಕ ಬಾಗಿಲಿಗೆ ಕಣ್ಣು ಬರಿಸಿದ್ದು

ಪ್ಯಾಂಟಿನ ಜಿಪ್ಪು ಕೈಕೊಟ್ಟ ಗಂಡಸಿಗೆ ಲೋಕದಲ್ಲಿ ನೆಂಟರಿಷ್ಟರು ಯಾರೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಆ ಪೇಟೆಯವರಿಗೆಲ್ಲ ನೆನಪಾಗುತ್ತಿದ್ದವಳು ಜಿಪ್ಪಕ್ಕ ಒಬ್ಬಳೇ. ಶರ್ಟನ್ನು ಕೆಳಕ್ಕೆ ಜಗ್ಗಿಕೊಂಡು, ಕೈಚೀಲವನ್ನು ಮುಂದೆ ಅಡ್ಡ ಹಿಡಿದುಕೊಂಡು ಯಾರಾದರೂ ಓಡಿ ಬಂದರೆ ಸಾಕು, ಅವಳು ಮುಖ ಎತ್ತಿಯೂ ನೋಡುತ್ತಿರಲಿಲ್ಲ.

"ಪರದೆ ಹಿಂದೆ ಹೋಗಿ ಬಿಚ್ಚಿ ಕೊಡಪ್ಪಾ. ಅಲ್ಲೊಂದು ಹಳೇ ಬೆಡ್‌ಶೀಟ್ ನೇತಾಕಿದೀನಿ, ಸುತ್ಕೊ. ನಾಚ್ಕೊಬೇಡ. ನೋಡೋ ಅಂಥದ್ದು ಏನೂ ಇರಲ್ಲ ಅಂತ ನಂಗೊತ್ತು."

ಇಕ್ಕಳದಿಂದ ಜಿಪ್ಪು ಎಳೆಯುವ ರನ್ನರಿನ ಬಾಯನ್ನು ಒಮ್ಮೆ ಅಮುಕಿ, ಹಲ್ಲಿನ ಸಾಲಿಗೆ ಮೇಣದಬತ್ತಿ ತಿಕ್ಕಿ, ಮೇಲೆ ಕೆಳಗೆ ಎಳೆದು ನೋಡಿ ಎಸೆಯುತ್ತಿದ್ದಳು. ಬಂದವನ ಮಾನ ಉಳಿಯುತ್ತಿತ್ತು. ಬ್ಯಾಗು, ಸೂಟ್‌ಕೇಸು, ಮಕ್ಕಳ ಶಾಲೆಯ ಚೀಲ, ಕಡ್ಡಿ ಮುರಿದ ಕೊಡೆ, ಎಲ್ಲವೂ ಅವಳ ಕೈಯಲ್ಲಿ ಎರಡನೇ ಜನ್ಮ ಪಡೆದವೇ.

ಅವಳಿಗೆ ಕಾಲು ಇದ್ದವು, ನಡೆಯುವುದಕ್ಕೆ ಬರುತ್ತಿರಲಿಲ್ಲ. ಹಾಲು ಕುಡಿಯುವ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಾಲುಗಳನ್ನು ಬಳ್ಳಿಯಂತೆ ಮಾಡಿ ಹೋಗಿತ್ತು. ಅವಳ ಅಪ್ಪ ಒಂದು ಹಲಗೆಗೆ ಲಾರಿ ಗ್ಯಾರೇಜಿನಿಂದ ತಂದ ಹಳೇ ಬೇರಿಂಗ್‌ಗಳನ್ನು ಬಿಗಿದು ಗಾಲಿ ಮಾಡಿಕೊಟ್ಟ. ಎರಡು ಮರದ ತುಂಡಿಗೆ ಟೈರಿನ ಚೂರು ಹೊಡೆದು, ನೆಲಕ್ಕೆ ಒತ್ತಿ ಮುಂದೆ ತಳ್ಳಿಕೊಳ್ಳಲು ಕೈಗೆ ಕೊಟ್ಟ. ಅಲ್ಲಿಂದ ಮುಂದೆ ಹಲಗೆಗಳು ಬದಲಾದವು, ಎತ್ತರ ಬದಲಾಗಲಿಲ್ಲ. ನಿಂತವರ ಸೊಂಟ ಅವಳ ನೆತ್ತಿಗಿಂತ ಮೇಲೆ. ಲೋಕವನ್ನು ಅವಳು ಮೊಣಕಾಲ ಮಟ್ಟದಿಂದಲೇ ನೋಡಿದ್ದು. ದೊಡ್ಡ ಮನುಷ್ಯರ ಚಪ್ಪಲಿಯ ಹಿಮ್ಮಡಿ ಎಷ್ಟು ಸವೆದಿರುತ್ತದೆ, ಗತ್ತಿನ ಪ್ಯಾಂಟಿನ ಅಂಚು ಎಲ್ಲಿ ಬಿಚ್ಚಿರುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಹಾಗಾಗಿ ಅವಳು ಯಾರಿಗೂ ಹೆದರಲಿಲ್ಲ.

ಮದುವೆಯಾದದ್ದೂ ಜಿಪ್ಪಿನ ದೆಸೆಯಿಂದಲೇ. ಸೋದರಮಾವನ ಬ್ಯಾಗಿನಂಗಡಿಯ ಮೂಲೆಯಲ್ಲಿ ಅವಳು ಕೆಲಸ ಕಲಿತು ಕೂತಿದ್ದಾಗ, ಮೂಟೆ ಹೊರುವ ಹಮಾಲಿಯೊಬ್ಬ ಅದೇ ಚೀಲವನ್ನು ಮತ್ತೆ ಮತ್ತೆ ತರುತ್ತಿದ್ದ. ಮೂರನೇ ಸಲ ಬಂದಾಗ ಅವಳು ಚೀಲ ತಿರುಗಿಸಿ ನೋಡಿ, "ಇದು ಕಿತ್ತೋಗಿರೋದಲ್ಲ, ಕಿತ್ತಿರೋದು. ಏನು ವಿಷ್ಯ, ನೇರ ಹೇಳ್ರಿ" ಎಂದಳು. ಅವನು ಹೇಳಿದ. ಅವನ ತಾಯಿ ಭೂಮಿ ಆಕಾಶ ಒಂದು ಮಾಡಿ ಕೂಗಾಡಿದಳು: "ಹಗಲೆಲ್ಲ ಮೂಟೆ ಹೊರ್ತೀಯ, ಮನೆಗೆ ಬಂದು ಹೆಂಡ್ತೀನೂ ಹೊರ್ಬೇಕೇನೋ?"

ಸೊಸೆ ಬಂದ ಮೊದಲ ವಾರವೇ ಅತ್ತೆಗೆ ಉತ್ತರ ಸಿಕ್ಕಿತು. ಅವಳನ್ನು ಯಾರೂ ಹೊರಬೇಕಾಗಿರಲಿಲ್ಲ, ಹೊರಲು ಬಂದವರ ಕೈಗೆ ಅವಳು ಮರದ ತುಂಡಿನಿಂದ ಬಾರಿಸುತ್ತಿದ್ದಳು. ಅಂದಿನಿಂದ ಇಬ್ಬರಿಗೂ ದಿನಾ ಜಗಳ. ಒಂದು ದಿನ ಜಗಳ ಆಗದಿದ್ದರೆ, ಹುಷಾರಿಲ್ಲವೇನೋ ಎಂದು ಒಬ್ಬರು ಇನ್ನೊಬ್ಬರ ಹಣೆ ಮುಟ್ಟಿ ನೋಡುತ್ತಿದ್ದರು.

ರಸ್ತೆ ಅಗಲ ಮಾಡುತ್ತೇವೆಂದು ಪೇಟೆಯ ಫುಟ್‌ಪಾತ್ ಅಂಗಡಿಗಳನ್ನೆಲ್ಲ, ಜಿಪ್ಪಕ್ಕನದನ್ನೂ ಸೇರಿಸಿ, ಬುಲ್ಡೋಜರ್ ಬಂದು ಬಳಿದು ಹಾಕಿತು. ಬೀದಿ ವ್ಯಾಪಾರಿಗಳು ಬಿಸಿಲಲ್ಲಿ ಕೂತು, ಲಾಠಿ ತಿಂದು, ಮತ್ತೆ ಕೂತು, ಕಡೆಗೆ ನಗರಸಭೆಯವರು ಕಟ್ಟಿದ ಹೊಸ ಮಾರುಕಟ್ಟೆ ಕಟ್ಟಡದಲ್ಲಿ ಮಳಿಗೆ ಪಡೆದರು. ಜಿಪ್ಪಕ್ಕನಿಗೂ ಒಂದು ಸಿಕ್ಕಿತು. ನೆಲಮಹಡಿಯಲ್ಲಿ, ಮುಂಬಾಗಿಲ ಪಕ್ಕದಲ್ಲೇ. ಮೈ ಪೂರ ಗಾಜು ಹೊದ್ದ ಕಟ್ಟಡ ಅದು. ಒಳಗೆ ಏಸಿ. ಎದುರಿಗೆ ಎರಡು ಹಲಗೆಯ ದೊಡ್ಡ ಗಾಜಿನ ಬಾಗಿಲು. ಹತ್ತಿರ ಹೋದರೆ ಸರ್ರನೆ ಎರಡೂ ಕಡೆ ಸರಿದುಕೊಳ್ಳುತ್ತಿತ್ತು, ದಾಟಿ ಹೋದರೆ ಸದ್ದಿಲ್ಲದೆ ಕೂಡಿಕೊಳ್ಳುತ್ತಿತ್ತು.

ಮೊದಮೊದಲು ಜಿಪ್ಪಕ್ಕ ಆ ಬಾಗಿಲಿಗೆ ಮನಸೋತಿದ್ದಳು. ಇಳಿಜಾರು ಹತ್ತಿ ಬಂದರೆ ಸಾಕು, ಬಾಗಿಲು ತಾನಾಗಿ ದಾರಿ ಬಿಡುತ್ತಿತ್ತು. ಹಿಡಿಕೆ ಎಟುಕಿಸಿಕೊಳ್ಳಬೇಕಿಲ್ಲ, ಯಾರನ್ನೂ ಅಣ್ಣಾ ಅಪ್ಪಾ ಅನ್ನಬೇಕಿಲ್ಲ. ಕೆಲಸವಿಲ್ಲದಿದ್ದರೂ ಒಮ್ಮೆ ಹೊರಗೆ ಹೋಗಿ ಒಳಗೆ ಬರುತ್ತಿದ್ದಳು. "ನನ್ ಜೀವ್ಮಾನದಲ್ಲಿ ನನ್ನ ಕಂಡು ಎದ್ದು ದಾರಿ ಬಿಟ್ಟಿದ್ದು ಇದೊಂದೇ ನೋಡ್ರಿ" ಎಂದು ಗಂಡನಿಗೆ ಹೇಳಿದಳು.

ಆ ಬಾಗಿಲಿಗೆ ಮನಸೋತವರು ಇನ್ನೂ ಇದ್ದರು. ಪೇಟೆಯ ನಾಯಿಗಳು. ಬೇಸಗೆಯ ಬಿಸಿಲಿಗೆ ನಾಲಗೆ ಜೋತು ಬಿಟ್ಟು ಅಲೆಯುತ್ತಿದ್ದ ನಾಯಿಗಳಿಗೆ ಬಾಗಿಲ ಮರ್ಮ ಅರಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದುರು ಹೋಗಿ ನಿಂತರೆ ತೆರೆಯುತ್ತದೆ, ಒಳಗೆ ಹೋದರೆ ತಣ್ಣಗಿರುತ್ತದೆ, ಅಷ್ಟೇ ತಾನೆ. ಫೋನಂಗಡಿಯ ಮುಂದೆ ಒಂದು, ಲಿಫ್ಟಿನ ಎದುರು ಒಂದು, ಮ್ಯಾನೇಜರ್ ಕೋಣೆಯ ಕಾಲೊರಸಿನ ಮೇಲೆ ಒಂದು, ಹೀಗೆ ನಾಲ್ಕೂ ಕಾಲು ಚಾಚಿ ಮಲಗತೊಡಗಿದವು.

ಕಟ್ಟಡದ ಮ್ಯಾನೇಜರ್ ಇಸ್ತ್ರಿ ಮುರಿಯದ ಮನುಷ್ಯ. ಕಾಲೊರಸಿನ ಮೇಲೆ ನಾಯಿ ಕಂಡ ದಿನವೇ ಆ ಬಾಗಿಲು ಕೂರಿಸಿದ್ದ ಮೆಕ್ಯಾನಿಕ್‌ನನ್ನು ಕರೆಸಿದ. ಮೆಕ್ಯಾನಿಕ್ ಏಣಿ ಹತ್ತಿ, ಬಾಗಿಲ ನೆತ್ತಿಯ ಮೇಲಿದ್ದ ಕಪ್ಪು ಡಬ್ಬಿಯನ್ನು, ಅಂದರೆ ಬಾಗಿಲಿನ ಕಣ್ಣನ್ನು, ಮೇಲಕ್ಕೆ ತಿರುಗಿಸಿ ಇಳಿದ. ಎತ್ತರದಲ್ಲಿ ಅಲುಗಿದ್ದನ್ನು ಮಾತ್ರ ಅದು ನೋಡಬೇಕು, ಕೆಳಗಿನದು ಕಾಣಬಾರದು. ನಾಯಿಗಳು ಹೊರಗುಳಿದವು. ಮ್ಯಾನೇಜರ್ ಕೈ ತೊಳೆದುಕೊಂಡ.

ಮಾರನೇ ಬೆಳಿಗ್ಗೆ ಜಿಪ್ಪಕ್ಕ ಇಳಿಜಾರು ಹತ್ತಿ ಬಂದಳು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಸರಿದು ಮತ್ತೆ ಬಂದಳು. ಎಡಕ್ಕೆ ಹೋಗಿ ಬಂದಳು, ಬಲಕ್ಕೆ ಹೋಗಿ ಬಂದಳು, ಕೈಯೆತ್ತಿ ಬೀಸಿದಳು. ಗಾಜಿನೊಳಗಿಂದ ಅವಳದೇ ಮುಖ ಅವಳನ್ನು ದುರುಗುಟ್ಟಿ ನೋಡುತ್ತಿತ್ತು. ಪಕ್ಕದಲ್ಲಿ ನಾಯಿಯೊಂದು ಕೂತು ಬಾಲವಾಡಿಸುತ್ತಿತ್ತು. ಇಬ್ಬರೂ ಕಾದರು.

ಬೇರೆ ಅಂಗಡಿಯವರೆಲ್ಲ ಹಿಂಬಾಗಿಲಿನಿಂದ ಬರುತ್ತಿದ್ದರು, ಅಲ್ಲಿ ಮೆಟ್ಟಿಲುಗಳಿದ್ದವು. ಕಾವಲುಗಾರನನ್ನು ಬೆಳಗಿನ ಹೊತ್ತು ಸರಕಿನ ಗಾಡಿಗಳ ಗೇಟಿಗೆ ಹಾಕಿರುತ್ತಿದ್ದರು. ಹಾಗಾಗಿ ಯಾರಾದರೂ ಉದ್ದನೆಯ ಗಿರಾಕಿ ಬಂದು ಬಾಗಿಲ ಎದುರು ನಿಲ್ಲುವವರೆಗೆ ಜಿಪ್ಪಕ್ಕ ಹೊರಗೇ. ಗಿರಾಕಿ ಬಂದ ಮೇಲೂ ಅವನ ಕಾಲ ಸಂದಿಯಲ್ಲೇ ನುಗ್ಗಬೇಕು, ತಡ ಮಾಡಿದರೆ ಮೂಗಿನ ಮುಂದೆ ಮುಚ್ಚಿಕೊಳ್ಳುತ್ತದೆ.

ಕಟ್ಟಡಕ್ಕೊಂದು ನಿಯಮವಿತ್ತು. ಕಟ್ಟಡ ತೆರೆದ ಹೊತ್ತಿಗೆ ಎಲ್ಲರ ಶಟರೂ ಮೇಲೆದ್ದಿರಬೇಕು. ತಡವಾದರೆ ಎಚ್ಚರಿಕೆ. ಮೂರನೇ ಎಚ್ಚರಿಕೆಗೆ ಮಳಿಗೆ ಬೇರೆಯವರ ಪಾಲು. ಬಾಗಿಲ ಪಕ್ಕದ ಮಳಿಗೆಯ ಮೇಲೆ ಎಷ್ಟೋ ಜನರ ಕಣ್ಣಿತ್ತು. ಒಂದು ತಿಂಗಳು ಮುಗಿಯುವುದರೊಳಗೆ ಜಿಪ್ಪಕ್ಕನಿಗೆ ಎರಡು ಎಚ್ಚರಿಕೆ ಬಂದವು.

ಅವಳು ಮ್ಯಾನೇಜರ್ ಕೋಣೆಗೆ ಹೋದಳು.

"ಸಾರ್, ಬಾಗ್ಲು ನನ್ನ ನೋಡ್ತಿಲ್ಲ."

"ಬಾಗಿಲು ಸರಿಯಾಗಿದೆಯಲ್ಲಮ್ಮ. ಎಲ್ಲರೂ ಬರ್ತಿದಾರೆ."

"ಎಲ್ಲಾರೂ ಬರ್ತಿದಾರೆ. ನಾನೂ ನಾಯಿಗಳೂ ಬರ್ತಿಲ್ಲ."

"ನಾಯಿ ಬರದೆ ಇರಲಿ ಅಂತಾನೆ ಮಾಡಿಸಿದ್ದು. ನಿಮ್ಮೊಬ್ಬರಿಗೋಸ್ಕರ ಇಳಿಸಿದ್ರೆ ಅವೂ ಬರ್ತವೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಿಮ್ಮ ಯಜಮಾನ್ರು ಇಲ್ಲೇ ಮೂಟೆ ಹೊರ್ತಾರಲ್ವ? ಎತ್ತಿ ಒಳಗೆ ಬಿಟ್ಟು ಹೋಗಲಿ."

ಅಂದು ಸಂಜೆ ಮನೆಯಲ್ಲಿ ಗಂಡನೂ ಅದನ್ನೇ ಅಂದ. "ಅದರಲ್ಲೇನಿದೆ? ಬೆಳಿಗ್ಗೆ ಹಿಂದಿನ ಮೆಟ್ಲು ಹತ್ತಿ ಎತ್ಕೊಂಡೋಗಿ ಬಿಡ್ತೀನಿ. ಎರಡು ಗೋಣಿಗಿಂತ ಹಗುರ ನೀನು."

"ರೀ, ಇನ್ನೊಂದ್ಸಲ ಗೋಣಿ ಅಂದ್ರೆ ನೋಡಿ."

"ಎತ್ತೋದೇ ಬೇಡ ಅಂದ್ರೆ ಮಳಿಗೆ ಹೋಗುತ್ತಲ್ಲೇ!"

"ನಿಮಗೆ ಜ್ವರ ಬಂದ ದಿನ? ಬೇರೆ ಕಡೆ ಮೂಟೆ ಹೊರಕ್ಕೆ ಹೋದ ದಿನ? ಆವತ್ತು ಯಾರ ಹೆಗಲು ಹುಡುಕ್ಲಿ? ನನ್ ಅಂಗ್ಡಿಗೆ ನಾನು ಹೋಗ್ಬೇಕು. ಅಷ್ಟೇ."

ಒಲೆಯ ಮುಂದಿದ್ದ ಅತ್ತೆ ಮೂಗು ಮುರಿದಳು. "ಮಹಾರಾಣಿಗೆ ಬಾಗ್ಲು ತಾನಾಗೇ ತೆರೀಬೇಕಂತೆ. ನಾನು ಈ ವಯಸ್ಸಲ್ಲೂ ಕೈಯಲ್ಲೇ ತಳ್ತೀನಪ್ಪಾ."

"ನಿಮ್ಮ ಬಾಗ್ಲು ನಿಮ್ಮನ್ನ ನಾಯಿ ಅನ್ಕೊಂಡಿಲ್ಲ ಅತ್ತೆ."

ಅತ್ತೆ ಒಲೆಯ ಮೇಲಿನ ಬಿಸಿ ಸಾರನ್ನು ಮೊದಲು ಸೊಸೆಯ ತಟ್ಟೆಗೆ ಬಡಿಸಿದಳು. ಅಂಥದ್ದು ಆ ಮನೆಯಲ್ಲಿ ಅಪರೂಪ.

ಜಿಪ್ಪಕ್ಕನಿಗೆ ಒಂದು ಉಪಾಯ ಹೊಳೆಯಿತು. ರಿಪೇರಿಗೆ ಬಂದಿದ್ದ ದೊಡ್ಡ ಕೊಡೆಯೊಂದನ್ನು ಬೆಳಿಗ್ಗೆ ಹೊತ್ತುಕೊಂಡು ಹೋಗಿ, ಬಾಗಿಲ ಎದುರು ನಿಂತು, ತಲೆಯ ಮೇಲೆತ್ತಿ ಪಟ್ಟನೆ ಬಿಚ್ಚಿದಳು. ಬಾಗಿಲು ಸರ್ರನೆ ತೆರೆಯಿತು. ಅವಳಿಗೆ ಸಂತೋಷವಾಗಲಿಲ್ಲ, ಮೈ ಉರಿದುಹೋಯಿತು. ಇಪ್ಪತ್ತು ವರ್ಷ ದುಡಿದು ತಿನ್ನುತ್ತಿರುವ ಹೆಂಗಸು ಕಾಣುವುದಿಲ್ಲ, ಕಡ್ಡಿ ಮುರಿದ ಕೊಡೆ ಕಾಣುತ್ತದೆ! ಆದರೂ ಮಳಿಗೆ ಉಳಿಯಬೇಕಲ್ಲ, ದಿನಾ ಕೊಡೆ ಬಿಚ್ಚಿದಳು. ನೋಡುವವರಿಗೆ ಅದೊಂದು ಆಟವಾಯಿತು. ಫೋನಂಗಡಿಯ ಹುಡುಗರು ವಿಡಿಯೊ ಮಾಡಿ ನಕ್ಕರು. ಒಂದು ಬೆಳಿಗ್ಗೆ ಕೊಡೆಯ ಕಡ್ಡಿ ತೆರೆಯುವ ಗಾಜಿಗೆ ತಗುಲಿ ಗೀರು ಬಿತ್ತು. ಮ್ಯಾನೇಜರ್ ಕೆಂಡವಾದ. ಬಾಗಿಲ ಬಳಿ ಕೊಡೆ ಬಿಚ್ಚಕೂಡದು ಎಂದು ಬೋರ್ಡೇ ಹಾಕಿಸಿದ.

ಅದರ ಮಾರನೇ ದಿನ ನಡೆದದ್ದೇ ಎಲ್ಲಕ್ಕೂ ಮೂಲ.

ದಪ್ಪನೆಯ ಗಿರಾಕಿಯೊಬ್ಬನ ಹಿಂದೆಯೇ ಅವಳು ನುಗ್ಗಿದಳು. ಅವನು ದಾಟಿದ. ಅವಳ ಹಲಗೆಯ ಮುಂದಿನ ಗಾಲಿ ಬಾಗಿಲು ಜಾರುವ ನೆಲದ ಹಳಿಯ ಸಂದಿಗೆ ಸಿಕ್ಕಿಬಿತ್ತು. ಎಡಗಡೆಯಿಂದ ಒಂದು ಗಾಜು, ಬಲಗಡೆಯಿಂದ ಒಂದು ಗಾಜು ಅವಳ ಮೇಲೆ ಬಂದವು. ಅವಳು ಕಣ್ಣು ಮುಚ್ಚಿ ತೋಳು ಅಡ್ಡ ಹಿಡಿದಳು. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಎರಡೂ ಗಾಜು ಗಾಬರಿಯಾದಂತೆ ಹಿಂದಕ್ಕೆ ಓಡುತ್ತಿದ್ದವು. ಮತ್ತೆ ಬಂದವು, ಮತ್ತೆ ಓಡಿದವು. ಯಾರೂ ನಡುವೆ ಸಿಕ್ಕಿ ನಜ್ಜುಗುಜ್ಜಾಗಬಾರದೆಂದು ಚೌಕಟ್ಟಿನ ಬುಡದಲ್ಲಿ, ಸರಿಯಾಗಿ ಅವಳ ಎದೆಯ ಮಟ್ಟದಲ್ಲಿ, ಇನ್ನೊಂದು ಪುಟ್ಟ ಕಣ್ಣನ್ನು ಇಟ್ಟಿದ್ದರು. ಅದನ್ನು ಯಾರೂ ಮೇಲಕ್ಕೆ ತಿರುಗಿಸಿರಲಿಲ್ಲ.

ಜಿಪ್ಪಕ್ಕ ಅಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರಕಿನ ಗೇಟಿನಿಂದ ಕಾವಲುಗಾರ ಓಡಿ ಬಂದ. "ಏನಾಯ್ತಕ್ಕಾ, ಪೆಟ್ಟಾಯ್ತಾ?"

"ಇಲ್ಲಪ್ಪಾ. ಒಳಗೆ ಬರೋವಾಗ ಕಾಣಲ್ಲ, ಅಡ್ಡ ಕೂತ್ರೆ ಕಾಣ್ತೀನಿ. ಇಷ್ಟ್ ದಿನ ಗೊತ್ತೇ ಆಗ್ಲಿಲ್ಲ ನೋಡು!"

ಧರಣಿ ಎಂದರೆ ಶಾಮಿಯಾನ ಹಾಕಿಸಿ, ಮೈಕು ಕಟ್ಟಿ, ಮುಖಂಡರು ಬರಲೆಂದು ಕಾಯುವುದು ಎಂದುಕೊಂಡವರು ಬಹಳ ಇದ್ದಾರೆ. ಅಂಥ ಧರಣಿಗಳಲ್ಲಿ ಗೆಲ್ಲುವವನು ಶಾಮಿಯಾನದವನು ಒಬ್ಬನೇ. ಎದುರಾಳಿಯ ಗಂಟಲು ಎಲ್ಲಿದೆಯೋ ಅಲ್ಲಿ ಕೂರಬೇಕು. ಜಿಪ್ಪಕ್ಕ ಇದನ್ನು ಯಾರಿಂದಲೂ ಕಲಿಯಲಿಲ್ಲ, ಬೇರಿಂಗ್ ಸಿಕ್ಕಿಕೊಂಡು ಕಲಿತಳು.

ಮಾರನೇ ಬೆಳಿಗ್ಗೆ ಅವಳು ಇಕ್ಕಳ, ಮೇಣದಬತ್ತಿ, ರಿಪೇರಿಗೆ ಬಂದ ಚೀಲಗಳ ಸಮೇತ ಬಂದಳು. ಮೊದಲ ಗಿರಾಕಿಯ ಹಿಂದೆ ನುಗ್ಗಿ, ಹಳಿಯ ಮೇಲೆ ಹಲಗೆ ನಿಲ್ಲಿಸಿ, ಚೀಲ ಬಿಚ್ಚಿ ಕೆಲಸಕ್ಕೆ ಕೂತಳು. ಬಾಗಿಲು ಬಂತು, ಓಡಿತು. ಬಂತು, ಓಡಿತು. ಜನ ಅವಳ ಪಕ್ಕದಿಂದ ಆರಾಮವಾಗಿ ಹೋಗಿ ಬಂದರು. ಒಳಗಿನ ತಂಪು ಮಾತ್ರ ಇಳಿಜಾರಿನಲ್ಲಿ ನೀರಿನಂತೆ ಹರಿದು ರಸ್ತೆ ಸೇರಿತು. ಹೊರಗಿನ ಬಿಸಿಗಾಳಿ, ಧೂಳು, ಬಸ್ಸಿನ ಹೊಗೆ, ಎಲ್ಲ ಒಳಗೆ ಬಂದವು.

ಮತ್ತೆ ನಾಯಿಗಳು ಬಂದವು. ಮೊದಲು ಒಂದು ಮುದಿ ನಾಯಿ ಅವಳನ್ನು ಮೂಸಿ ನೋಡಿ, ಅಪ್ಪಣೆ ಸಿಕ್ಕಿತೆಂಬಂತೆ ಒಳಗೆ ಹೋಯಿತು. ಅದರ ಹಿಂದೆ ಮರಿಗಳ ಜೊತೆ ಒಂದು ತಾಯಿ ನಾಯಿ. ಅದರ ಹಿಂದೆ ಬೀದಿಯೇ. ಕಾವಲುಗಾರ ಒಂದನ್ನು ಓಡಿಸಿದರೆ ಎರಡು ನುಗ್ಗುತ್ತಿದ್ದವು. ಅವನಿಗೆ ನಗು ತಡೆಯಲಾಗದೆ ಕೋಲು ಕೈಯಲ್ಲೇ ನಡುಗುತ್ತಿತ್ತು.

ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ಬಂದ. ಮೊದಲ ಸಲ ಅವನ ಇಸ್ತ್ರಿ ಮುರಿದಿತ್ತು.

"ಏನಮ್ಮ ಇದು? ಏಳಿ ಮೇಲೆ!"

"ಏಳೋಕಾಗಿದ್ರೆ ಬಾಗ್ಲು ತೆರೀತಿತ್ತಲ್ಲ ಸಾರ್."

"ಸಾರ್ವಜನಿಕರಿಗೆ ತೊಂದರೆ ಮಾಡ್ತಿದೀರಿ."

"ಯಾರನ್ನ ತಡೆದಿದೀನಿ? ಬರೋರು ಬರ್ತಿದಾರೆ, ಹೋಗೋರು ಹೋಗ್ತಿದಾರೆ. ಬಾಗ್ಲೊಂದು ಮುಚ್ಚಕ್ಕಾಗ್ತಿಲ್ಲ, ಅಷ್ಟೇ. ನೀವೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಸುತ್ತ ನಿಂತಿದ್ದವರು ಗೊಳ್ಳೆಂದರು. ಮ್ಯಾನೇಜರ್ ಬಾಗಿಲಿನ ಕರೆಂಟು ತೆಗೆಸಿದ. ಬಾಗಿಲು ತೆರೆದದ್ದು ತೆರೆದಂತೆಯೇ ನಿಂತಿತು. ಮತ್ತೆ ಹಾಕಿಸಿದ. ಮೂರನೇ ಎಚ್ಚರಿಕೆ ಕೊಡುತ್ತೇನೆಂದ. ಅವಳು ಮರಿನಾಯಿಯೊಂದನ್ನು ಪಕ್ಕಕ್ಕೆ ಸರಿಸಿ, "ಕೊಡಿ, ಇಲ್ಲೇ ಕೂತು ಇಸ್ಕೊಳ್ತೀನಿ" ಎಂದಳು. ಪೊಲೀಸರನ್ನು ಕರೆಯುತ್ತೇನೆಂದ. ಫೋನ್ ಕೈಗೆತ್ತಿಕೊಂಡವನು ಏನು ಹೇಳಬೇಕೆಂದು ತೋಚದೆ ಇಟ್ಟುಬಿಟ್ಟ. ಹೆಂಗಸೊಬ್ಬಳು ಕೂತು ಜಿಪ್ಪು ಹಾಕುತ್ತಿದ್ದಾಳೆ, ಬಂದು ಕಾಪಾಡಿ ಅನ್ನಬೇಕೇ?

ಅಷ್ಟರಲ್ಲಿ ಹಿಂಬಾಗಿಲಿನಿಂದ ಹಮಾಲಿಗಳು ಬಂದರು. ಅವಳ ಗಂಡ ಮುಂದೆ, ಉಳಿದವರು ಹಿಂದೆ. ಮ್ಯಾನೇಜರ್‌ಗೆ ಹೋದ ಜೀವ ಬಂದಂತಾಯಿತು. "ಬಂದ್ಯೇನಪ್ಪಾ? ನಿನ್ನ ಹೆಂಡ್ತಿ ತಾನೆ? ಎತ್ಕೊಂಡು ಹೋಗಿ ಮಳಿಗೇಲಿ ಕೂರಿಸು."

ಗಂಡ ಹೆಂಡತಿಯ ಮುಖ ನೋಡಿದ. ಅವಳು ಇಕ್ಕಳ ಕೆಳಗಿಟ್ಟಳು. ಅವಳ ಜೀವವೆಲ್ಲ ಆಗ ಕಿವಿಗೆ ಬಂದಿತ್ತು. ಅವನು ಬಗ್ಗಿ ಎತ್ತಿದ್ದರೆ ಎಲ್ಲ ಮುಗಿಯುತ್ತಿತ್ತು, ಅಂದಿನ ಧರಣಿಯೂ, ಮಳಿಗೆಯ ಮೇಲೆ ಅವಳಿಗಿದ್ದ ಹಟವೂ.

"ನನ್ ಕೂಲಿ ಮೂಟೆಗೆ ಸಾರ್" ಎಂದ ಅವನು ನಿಧಾನವಾಗಿ. "ಮನುಷ್ಯರನ್ನ ಹೊರೋದು ಬಿಟ್ಟು ಬಹಳ ದಿನ ಆಯ್ತು. ಅವಳು ಹೊರಿಸ್ಕೊಳಲ್ಲ."

"ಬೇರೆ ಯಾರಾದ್ರೂ ಎತ್ರಪ್ಪ!"

ಹಮಾಲಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೇ ಹಿರಿಯನೊಬ್ಬ ಹೆಗಲ ಬಟ್ಟೆ ಕೊಡವಿ ನೆಲಕ್ಕೆ ಹಾಸಿ ಕೂತ. "ಬೆನ್ನು ನೋವು ಸಾರ್." ಉಳಿದವರಿಗೂ ಒಟ್ಟಿಗೇ ಬೆನ್ನು ನೋವು ಬಂತು. ಸಾಲಾಗಿ ಕೂತರು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಊಟದ ಡಬ್ಬಿ ಹಿಡಿದು ಬಂದಳು. ಇಳಿಜಾರು ಹತ್ತುತ್ತಲೇ ಶುರುಮಾಡಿದಳು: "ಬೆಳಿಗ್ಗೆ ಒಂದು ತುತ್ತೂ ತಿನ್ನದೆ ಬಂದು ಇಲ್ಲಿ ರಾಜ್ಯ ಆಳ್ತಿದೀಯ? ಬಾಯಿ ತೆಗಿ." ಸೊಸೆಗೆ ತಿನ್ನಿಸಿ, ತಾನು ಹಳಿಯ ಆ ಕೊನೆಗೆ ಹೋಗಿ ದಬ್ಬನೆ ಕೂತಳು.

"ನೀವ್ಯಾಕಮ್ಮ ಕೂತ್ರಿ?" ಎಂದ ಮ್ಯಾನೇಜರ್, ಅಳುವುದೊಂದು ಬಾಕಿ.

"ಮನೇಲಿ ಸೆಕೆ. ಇಲ್ಲಿ ಒಳಗಿಂದ ತಣ್ಣಗೆ ಗಾಳಿ ಬರ್ತಿದೆ. ಮತ್ತೆ ಇವಳು ಎದ್ರೂ ನಾನು ಏಳಲ್ಲ. ಇವಳಿಗಾದ್ರೆ ಕಾಲಿಲ್ಲ ಅಂತ ನೆಪ ಇದೆ. ನಂಗೆ ನೆಪಾನೂ ಬೇಕಿಲ್ಲ."

ಒಳಗಿನ ಅಂಗಡಿಯವರು ಮೊದಲು ಜಿಪ್ಪಕ್ಕನ ಮೇಲೆ ಗೊಣಗಿದ್ದರು. ಸೆಕೆ ಏರಿದಂತೆ ಗೊಣಗಾಟ ಮ್ಯಾನೇಜರ್ ಕಡೆಗೆ ತಿರುಗಿತು. ಒಂದು ಡಬ್ಬಿ ತಿರುಗಿಸಲು ಇಷ್ಟು ಯಾಕೆ ಹಟ ಎಂದು ಫೋನಂಗಡಿಯವನೇ ಮೊದಲು ಬಾಯಿಬಿಟ್ಟ. ಆ ಹೊತ್ತಿಗೆ ಮುದಿ ನಾಯಿ ತನ್ನ ಹಳೇ ಜಾಗ ಹುಡುಕಿಕೊಂಡು ಮ್ಯಾನೇಜರ್ ಕೋಣೆಯ ಕಾಲೊರಸಿನ ಮೇಲೆ ಗೊರಕೆ ಹೊಡೆಯುತ್ತಿತ್ತು.

"ಇಳಿಸಿದ್ರೆ ನಾಯಿ ಬರ್ತವಲ್ಲಮ್ಮಾ" ಎಂದ ಮ್ಯಾನೇಜರ್ ಕಡೆಯ ಸಲ.

"ಬರ್ತವೆ. ಓಡಿಸಕ್ಕೆ ಮನುಷ್ಯನನ್ನ ಇಡಿ. ನಾಯಿಗೆ ಹೊರಗೆ ಹೋಗು ಅನ್ನಕ್ಕೆ ಒಬ್ಬ ಬೇಕು ಸಾರ್. ನಂಗೆ ಒಳಗೆ ಬಾ ಅನ್ನಕ್ಕೆ ಯಾರೂ ಬೇಡ."

ಮ್ಯಾನೇಜರ್ ಮೆಕ್ಯಾನಿಕ್‌ಗೆ ಫೋನ್ ಮಾಡಿದ.

ಮೆಕ್ಯಾನಿಕ್ ಏಣಿ ಹೆಗಲ ಮೇಲೆ ಹೊತ್ತು ಬಂದು, ಹಳಿಯ ಮೇಲೆ ಕೂತ ಇಬ್ಬರು ಹೆಂಗಸರನ್ನು ನೋಡಿ ತಲೆ ಕೆರೆದುಕೊಂಡ. "ಅಕ್ಕಾ, ಕಣ್ಣು ಮೇಲೆತ್ತಿದ್ದು ನಾನೇ. ನಾಯಿ ಅಂದ್ರು, ಎತ್ತಿದೆ. ಈ ಎತ್ತರದಲ್ಲಿ ಮನುಷ್ಯರೂ ಇರ್ತಾರೆ ಅಂತ ಯಾರೂ ಹೇಳ್ಲಿಲ್ಲ."

"ಈಗ ನಾನೇ ಹೇಳ್ತಿದೀನಲ್ಲ. ಹತ್ತು ಏಣಿ."

ಅವನು ಹತ್ತಿದ. ಡಬ್ಬಿಯನ್ನು ಸ್ವಲ್ಪ ಬಗ್ಗಿಸಿ, "ಬನ್ನಿ ಅಕ್ಕಾ, ನೋಡೋಣ" ಎಂದ. ಜಿಪ್ಪಕ್ಕ ಹಳಿ ಬಿಟ್ಟು ಹೊರಗೆ ಹೋಗಿ, ಇಳಿಜಾರಿನ ತಲೆಯಲ್ಲಿ ತಿರುಗಿ, ಬಂದಳು. ಬಾಗಿಲು ತೆರೆಯಲಿಲ್ಲ. ಇನ್ನೂ ಸ್ವಲ್ಪ ಬಗ್ಗಿಸಿದ. ತೆರೆಯಿತು, ಆದರೆ ಅವಳ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದ ಮೇಲೆ. "ಯಾಕೆ, ನನ್ನ ಮುಖ ನೆನಪು ಮಾಡ್ಕೊಳ್ತಿತ್ತಾ?" ಎಂದಳು. ಮೆಕ್ಯಾನಿಕ್ ಇನ್ನಷ್ಟು ಬಗ್ಗಿಸಿದ.

ಈ ಸಲ ಅವಳು ದೂರದಿಂದಲೇ ವೇಗವಾಗಿ ತಳ್ಳಿಕೊಂಡು ಬಂದಳು. ಬೇರಿಂಗ್‌ಗಳು ಕರಕರ ಅಂದವು. ಬಾಗಿಲು ಅವಳು ಇನ್ನೂ ಎರಡು ಮಾರು ದೂರವಿದ್ದಾಗಲೇ ಸರ್ರನೆ ಎರಡು ಪಾಲಾಗಿ ದಾರಿ ಬಿಟ್ಟಿತು. ಅವಳು ಕೈ ನಿಲ್ಲಿಸಲಿಲ್ಲ. ಅದೇ ಓಟದಲ್ಲಿ ಒಳಗೆ ನುಗ್ಗಿ, ಮ್ಯಾನೇಜರ್ ಪಕ್ಕದಿಂದ ಹಾದು, ತನ್ನ ಮಳಿಗೆಯ ಮುಂದೆ ಗಕ್ಕನೆ ನಿಂತು, ಶಟರಿನ ಬೀಗ ತೆಗೆದು, ಕೊಕ್ಕೆ ಸಿಕ್ಕಿಸಿ ದಡಾರನೆ ಮೇಲಕ್ಕೆಸೆದಳು. ಆ ಸದ್ದಿಗೆ ಕಟ್ಟಡವೇ ಕೇಕೆ ಹಾಕಿತು. ಹಮಾಲಿಗಳ ಬೆನ್ನು ನೋವು ಒಮ್ಮೆಲೇ ವಾಸಿಯಾಯಿತು, ಎಲ್ಲರೂ ಎದ್ದು ಶಿಳ್ಳೆ ಹೊಡೆದರು.

ಅವಳು ಮತ್ತೆ ಹೊರಗೆ ಹೋದಳು. ತೆರೆಯಿತು. ಒಳಗೆ ಬಂದಳು. ತೆರೆಯಿತು. ಮತ್ತೆ ಹೋದಳು.

"ಸಾಕು ಮಾಡೇ, ಬಾಗ್ಲು ಸವೆದೋದೀತು!" ಎಂದು ಅತ್ತೆ ಕೂಗಿದಳು. ಆದರೆ ಹಾಗೆಂದವಳು ತಾನೂ ಎದ್ದು, ಸೊಸೆಯ ಹಿಂದೆ ಒಮ್ಮೆ ಹೊರಗೆ ಹೋಗಿ ಒಳಗೆ ಬಂದಳು.

ಎರಡು ಎಚ್ಚರಿಕೆಗಳನ್ನೂ ರದ್ದು ಮಾಡಿದ್ದೇನೆಂದು ಮ್ಯಾನೇಜರ್ ಅವಳೊಬ್ಬಳಿಗೆ ಮೆಲ್ಲಗೆ ಹೇಳಲು ನೋಡಿದ. "ನಂಗೆ ಕಿವಿ ಸ್ವಲ್ಪ ಮಂದ ಸಾರ್" ಎಂದಳು ಅವಳು. ಅವನು ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ಮರುದಿನದಿಂದ ಬೆಳಗಿನ ಹೊತ್ತಿಗೂ ಬಾಗಿಲಿಗೊಬ್ಬ ಕಾವಲುಗಾರ ಬಂದ, ಅವನಿಗೆ ಕೂರಲು ಸ್ಟೂಲೂ ಬಂತು. ನಾಯಿಗಳ ಗತಿ ಅವನ ಕೋಲಿಗೂ ಅವನ ಕರುಣೆಗೂ ಬಿಟ್ಟದ್ದಾಯಿತು.

ಇಷ್ಟಕ್ಕೆ ನಿಂತಿದ್ದರೆ ಒಂದು ಮಳಿಗೆಯ ಗೆಲುವು. ಏಣಿ ಮಡಚುತ್ತಿದ್ದ ಮೆಕ್ಯಾನಿಕ್ ಬಾಯಿ ಜಾರಿ ಒಂದು ಮಾತು ಅಂದುಬಿಟ್ಟ: "ಊರಲ್ಲಿ ನಾನು ಹಾಕಿರೋ ಬಾಗ್ಲುಗಳೆಲ್ಲ ಹೀಗೇ ಅಕ್ಕಾ. ಆಸ್ಪತ್ರೆ, ಬ್ಯಾಂಕು, ದೊಡ್ಡ ಕಚೇರಿ. ಎಲ್ಲ ಕಡೆ ನಾಯಿ ಕಾಟ."

"ಎಲ್ಲ ಕಡೆ?"

"ಎಲ್ಲ ಕಡೆ."

ಜಿಪ್ಪಕ್ಕ ಇಕ್ಕಳ ಒರೆಸಿ ಡಬ್ಬಿಗೆ ಹಾಕಿದಳು. "ಏಣಿ ಮಡಚ್ಬೇಡ ಇನ್ನೂ" ಎಂದಳು.

ಅವಳ ಜೊತೆಗೆ ಇಬ್ಬರು ಸಿಕ್ಕರು. ಕೋರ್ಟಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತು ಟೈಪು ಮಾಡುತ್ತಿದ್ದ ಹೆಂಗಸು ಒಬ್ಬಳು. ಹಳೇ ಸರ್ಕಸ್ಸಿನಲ್ಲಿ ಕೋಡಂಗಿಯಾಗಿದ್ದ ಕುಳ್ಳನೆಯ ಮುದುಕ ಇನ್ನೊಬ್ಬ. ಅವನನ್ನು ಎಲ್ಲರೂ ಸರ್ಕಸ್ ಮಾವ ಅನ್ನುತ್ತಿದ್ದರು. ಬ್ಯಾಂಕಿನ ಬಾಗಿಲ ಮುಂದೆ ತಾನು ಹಾರಿ ಹಾರಿ ಕುಣಿದು ಒಳಗೆ ಹೋಗುವುದನ್ನು ಜನ ಇನ್ನೂ ಆಟವೆಂದೇ ನೋಡುತ್ತಾರೆ ಎಂದು ಅವನು ಹೇಳಿದಾಗ ಮೂವರೂ ನಕ್ಕರು, ನಕ್ಕು ಹಲ್ಲು ಕಡಿದರು. ಅತ್ತೆ ದಿಂಬು, ನೀರಿನ ಬಾಟಲಿ, ಊಟದ ಡಬ್ಬಿ ಹೊತ್ತು ಹಿಂದೆ ನಡೆದಳು. ಬೇಡ ಎಂದರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಕೂರಬೇಕಾಯಿತು. ಅಲ್ಲಿನ ಹಿರಿಯ ನರ್ಸ್ ಒಬ್ಬಳು ಬಂದು ಬೈಯುತ್ತಾಳೆಂದುಕೊಂಡರೆ, ರೋಗಿಗಳ ಗಾಲಿಕುರ್ಚಿ ತಳ್ಳುವ ಆಯಾಗಳನ್ನೆಲ್ಲ ಕರೆತಂದು ಜೊತೆಗೆ ನಿಲ್ಲಿಸಿದಳು. ಬ್ಯಾಂಕಿನಲ್ಲಿ ಮೂವರೂ ಹಳಿಯ ಮೇಲೆ ಸರಿಯಾಗಿ ಕೂರುವ ಮೊದಲೇ ಏಣಿ ಬಂತು. ಸುದ್ದಿ ಅವರಿಗಿಂತ ಮುಂದೆ ಓಡುತ್ತಿತ್ತು. ಹಳಿಯ ಮೇಲೆ ಕೂರುವವರು ಬರುತ್ತಾರಂತೆ ಎಂದರೆ ಸಾಕು, ಮ್ಯಾನೇಜರುಗಳು ಮೆಕ್ಯಾನಿಕ್‌ಗೆ ದುಂಬಾಲು ಬೀಳುತ್ತಿದ್ದರು. ಅವನಿಗೆ ಮೈತುಂಬ ಕೆಲಸ. ಪ್ರತಿ ಬಾಗಿಲಿಗೂ ಅಳತೆ ನೋಡಲು ಜಿಪ್ಪಕ್ಕನನ್ನೇ ಕರೆಯುತ್ತಿದ್ದ, ಅವಳು ಕರಕರ ಎಂದು ಬಂದು, ತೆರೆದರೆ ತಲೆಯಾಡಿಸಿ, ತಡವಾದರೆ ಬೈದು ಹೋಗುತ್ತಿದ್ದಳು.

ಕಡೆಗೆ ಉಳಿದದ್ದು ದೊಡ್ಡ ಕಚೇರಿ. ಊರಿನ ಆಡಳಿತವೆಲ್ಲ ಕೂತ ಕಟ್ಟಡ. ಅಲ್ಲಿನ ಬಾಗಿಲು ಎಲ್ಲಕ್ಕಿಂತ ಎತ್ತರ, ಗಾಜು ಎಲ್ಲಕ್ಕಿಂತ ದಪ್ಪ. ಸುಲಭವಾಗಿ ಬಗ್ಗುವ ಜನ ಅಲ್ಲ ಅವರು ಎಂದು ಎಲ್ಲರೂ ಹೇಳಿದರು. ಜಿಪ್ಪಕ್ಕ ಆ ದಿನಕ್ಕೆ ದೊಡ್ಡ ತಯಾರಿಯನ್ನೇ ಮಾಡಿಕೊಂಡಳು. ಬಗೆಬಗೆಯ ಬ್ಯಾಗುಗಳನ್ನು ಹೊತ್ತು ತಂದಳು, ಕೂತಷ್ಟು ದಿನವೂ ಕೆಲಸ ನಡೆಯಬೇಕಲ್ಲ. ಗಂಡನೂ ಹಮಾಲಿಗಳೂ ಬೆಳಗಿನ ಕೆಲಸ ಮುಗಿಸಿ ಬಂದರು. ಟೈಪಿಸ್ಟ್ ಹೆಂಗಸು ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಸರ್ಕಸ್ ಮಾವ ಹಳೇ ಬಣ್ಣದ ಅಂಗಿ ತೊಟ್ಟು ಬಂದ. ಅತ್ತೆ ಎರಡು ದಿಂಬು ತಂದಳು.

ಮೆರವಣಿಗೆಯಂತೆ ಅವರು ಆವರಣ ದಾಟಿದರು. ಘೋಷಣೆ ಕೂಗಲಿಲ್ಲ, ಬೇರಿಂಗಿನ ಸದ್ದೇ ಸಾಕಾಗಿತ್ತು. ಮುಂದೆ ಜಿಪ್ಪಕ್ಕ. ಇಳಿಜಾರು ಹತ್ತಿ, ಗಾಜಿನ ಆಚೆ ನಿಂತಿದ್ದ ಕಾವಲುಗಾರರನ್ನು, ಅವರ ಹಿಂದೆ ಫೈಲು ಹಿಡಿದು ಇಣುಕುತ್ತಿದ್ದ ಗುಮಾಸ್ತರನ್ನು ದಿಟ್ಟಿಸಿ, ಎದುರಾಳಿಯ ಗಂಟಲಿಗೆ ಹೋಗಿ ಕೂರಲು ಮೈ ಬಿಗಿ ಮಾಡಿಕೊಂಡು ಕೈ ಒತ್ತಿದಳು.

ಬಾಗಿಲು ತೆರೆಯಿತು.

ಅವಳು ನಿಂತುಬಿಟ್ಟಳು. ಹಿಂದೆ ಸರಿದಳು. ಮುಚ್ಚಿತು. ಮುಂದೆ ಬಂದಳು. ಮತ್ತೆ ತೆರೆಯಿತು, ದೂರದಿಂದಲೇ, ವಿಶಾಲವಾಗಿ. ಚೌಕಟ್ಟಿನ ಪಕ್ಕದಲ್ಲಿ ಮೆಕ್ಯಾನಿಕ್ ಏಣಿ ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದ. "ನಿನ್ನೆ ಸಾಯಂಕಾಲಾನೇ ಕರೆಸಿದ್ರು ಅಕ್ಕಾ."

"ಥೂ ನಿನ್ನ! ಹೇಳ್ಬಾರ್ದೇನೋ? ಇಷ್ಟೆಲ್ಲ ಹೊತ್ಕೊಂಡು ಬಂದೆ" ಎಂದು ಅತ್ತೆ ದಿಂಬು ನೆಲಕ್ಕೆ ಬಡಿದಳು.

ಒಳಗಿನಿಂದ ಗುಮಾಸ್ತನೊಬ್ಬ ತಡವರಿಸುತ್ತ ಮುಂದೆ ಬಂದ. ಇಷ್ಟು ಜನ, ಇಷ್ಟು ಸಾಮಾನು, ಬಣ್ಣದ ಅಂಗಿಯ ಮುದುಕ, ತೊಡೆಯ ಮೇಲೆ ಮೆಷಿನ್ನು. "ಯಾರನ್ನ ನೋಡಬೇಕಿತ್ತು? ಏನು ಕೆಲಸ?"

ಜಿಪ್ಪಕ್ಕ ಆಗಲೇ ಹಳಿ ದಾಟಿ ಒಳಗೆ ಬಂದಿದ್ದಳು. ನುಣ್ಣನೆಯ ಕಲ್ಲಿನ ನೆಲದ ಮೇಲೆ ಗಾಲಿ ಬೆಣ್ಣೆಯಂತೆ ಜಾರುತ್ತಿತ್ತು. ಅವಳು ಆ ದೊಡ್ಡ ಹಜಾರದಲ್ಲಿ ಒಂದು ಸುತ್ತು ಹಾಕಿದಳು. ಹಿಂದೆ ಗಾಲಿಕುರ್ಚಿ ಬಂತು, ಅದರ ಹಿಂದೆ ಸರ್ಕಸ್ ಮಾವ ಕುಣಿಯದೆ, ಹಾರದೆ, ಕೈ ಹಿಂದೆ ಕಟ್ಟಿಕೊಂಡು ಸಾವಕಾಶವಾಗಿ ನಡೆದು ಬಂದ.

"ಯಾರನ್ನೂ ಇಲ್ಲ, ಕೆಲಸಾನೂ ಇಲ್ಲ" ಎಂದಳು ಅವಳು. "ಒಳಗೆ ಬರಕ್ಕಾಗುತ್ತಾ ಅಂತ ನೋಡಕ್ಕೆ ಬಂದ್ವಿ. ಬಂದ್ವಿ."